‘ಹಗಲು ಮಲಗಿ ಸರಿಮಾಡಿಕೊ’ ಎನ್ನುವ ಮುನ್ನ

ಹೈದರಾಬಾದಿನಲ್ಲಿ ನಾನೂ ನನ್ನ ತಂಗಿಯೂ ಒಂದೇ ಮನೆಯಲ್ಲಿದ್ದೇವೆ. ಅವಳು ನರ್ಸ್. ತಿಂಗಳಲ್ಲಿ ಒಂದಷ್ಟು ದಿನ ನೈಟ್ ಡ್ಯೂಟಿ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಸ್ನಾನ ಮಾಡಿ, ಎರಡು ಇಡ್ಲಿ ತಿಂದು ಮಲಗಿದಳೆಂದರೆ ಹತ್ತು ನಿಮಿಷದಲ್ಲಿ ಗೊರಕೆ. ಆದರೆ ಒಂದೂವರೆಗೆಲ್ಲ ಎದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾಳೆ. ‘ಅಕ್ಕಾ, ಇನ್ನು ನಿದ್ದೆ ಬರ್ತಿಲ್ಲ ಕಣೇ.’ ಎರಡು ವರ್ಷ ನಾನು ಕೊಟ್ಟಿದ್ದು ಒಂದೇ ಉತ್ತರ: ‘ಆ ಫೋನ್ ಆಚೆ ಇಟ್ಟು ಕಣ್ಣು ಮುಚ್ಕೊಂಡು ನಿದ್ದೆ ಮಾಡು.’ ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದರೆ ಅವಳದ್ದೂ ಅದೇ: ‘ರಾತ್ರಿ ಕೆಟ್ಟಿದ್ದನ್ನ ಹಗಲು ಮಲಗಿ ಸರಿಮಾಡ್ಕೋಬೇಕಮ್ಮ.’

ಕಳೆದ ವರ್ಷ ನಿದ್ದೆಯ ಬಗ್ಗೆ ಒಂದು ಕೈಪಿಡಿಯನ್ನು ಅನುವಾದಿಸುವ ಕೆಲಸ ಬಂತು. ಅದಕ್ಕಾಗಿ ಓದುತ್ತ ಹೋದಂತೆ ಗೊತ್ತಾಯಿತು: ಅಮ್ಮನ ಮಾತು ಅರ್ಧ ಸರಿ, ನನ್ನ ಮಾತು ಪೂರ್ತಿ ತಪ್ಪು.

ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ತಲೆಯ ಮೇಲಿನಿಂದಲೇ ದಾಖಲಿಸುವ ಇಇಜಿ ನಮಗೆ ಸಿಕ್ಕಿದ್ದು ಜರ್ಮನಿಯ ಹಾನ್ಸ್ ಬರ್ಗರ್ ಅವರಿಂದ, 1920ರ ದಶಕದಲ್ಲಿ. ಎಚ್ಚರವಿರುವ ಮಿದುಳು ಸಂತೆಯ ಹಾಗೆ. ಪ್ರತಿ ನರಕೋಶಕ್ಕೂ ಅದರದೇ ಮಾತು. ಗಾಢ ನಿದ್ದೆಯಲ್ಲಿ ಅದೇ ಮಿದುಳು ಭಜನೆಗೆ ಕೂತಂತೆ: ಅಸಂಖ್ಯ ನರಕೋಶಗಳು ಒಟ್ಟಿಗೆ ದನಿ ಎತ್ತುತ್ತವೆ, ಒಟ್ಟಿಗೆ ಸುಮ್ಮನಾಗುತ್ತವೆ. ಇಇಜಿಯಲ್ಲಿ ಇದು ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಸಲ ಏಳುವ ದೊಡ್ಡ ದೊಡ್ಡ ಅಲೆಗಳಾಗಿ ಕಾಣುತ್ತದೆ. ಇವೇ ನಿಧಾನ ಅಲೆಗಳು. ಎಷ್ಟು ಹೊತ್ತು ಎಚ್ಚರವಿದ್ದೆವೋ ಅಷ್ಟೂ ಇವುಗಳ ಅಬ್ಬರ ಜಾಸ್ತಿ. ನಿದ್ದೆಯ ಮೊದಲ ಗಂಟೆಗಳಲ್ಲೇ ಅಬ್ಬರಿಸಿ, ಬೆಳಗಾಗುತ್ತ ತಗ್ಗುತ್ತವೆ. ಸಂಜೆ ಒಂದು ಜೊಂಪು ತೆಗೆದರೆ ಆ ರಾತ್ರಿಯ ಅಲೆಗಳು ಅಷ್ಟರಮಟ್ಟಿಗೆ ಸಪ್ಪಗಾಗುತ್ತವೆ.

ಇಷ್ಟೇ ಆಗಿದ್ದರೆ ಅಮ್ಮನ ಲೆಕ್ಕ ಸರಿ. ಆದರೆ 1982ರಲ್ಲಿ ಜೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ ನಿದ್ದೆಗೆ ಒಂದಲ್ಲ, ಎರಡು ಲೆಕ್ಕಗಳಿವೆ ಎಂದರು. ಒಂದು, ಎಚ್ಚರದ ಪ್ರತಿ ಗಂಟೆಗೂ ಏರುವ ನಿದ್ದೆಯ ಒತ್ತಡ. ಇನ್ನೊಂದು, ಮಿದುಳಿನೊಳಗಿನ ಗಡಿಯಾರ; ನಾವು ಮಲಗಿದ್ದೇವೋ ಎದ್ದಿದ್ದೇವೋ ನೋಡದೆ ಅದು ತನ್ನ ಪಾಡಿಗೆ ದಿನಕ್ಕೊಂದು ಸುತ್ತು ಹಾಕುತ್ತದೆ.

ಇವೆರಡನ್ನೂ ಬಿಡಿಸಿ ನೋಡಿದವರು ಡರ್ಕ್-ಯಾನ್ ಡೈಕ್ ಮತ್ತು ಚಾರ್ಲ್ಸ್ ಸೈಸ್ಲರ್. 1995ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸ್ವಯಂಸೇವಕರು ಹೊರಗಿನ ಹೊತ್ತು ತಿಳಿಯದ ಕೋಣೆಗಳಲ್ಲಿ, ಮಂದ ಬೆಳಕಿನಲ್ಲಿ, 28 ಗಂಟೆಯ ‘ದಿನ’ ಬದುಕಿದರು. ಅಷ್ಟುದ್ದದ ದಿನಕ್ಕೆ ದೇಹದ ಗಡಿಯಾರ ಒಗ್ಗುವುದಿಲ್ಲ. ಅದು 24ರ ಆಸುಪಾಸಿನಲ್ಲೇ ಓಡುತ್ತದೆ. ಹಾಗಾಗಿ ಅವರು ಗಡಿಯಾರದ ಎಲ್ಲ ಹೊತ್ತುಗಳಲ್ಲೂ ಮಲಗಿದಂತಾಯಿತು. ಕಂಡಿದ್ದೇನು? ನಿಧಾನ ಅಲೆಗಳು ಬಹುಪಾಲು ಮೊದಲಿನ ಎಚ್ಚರವನ್ನೇ ಹಿಂಬಾಲಿಸಿದವು. ಆದರೆ ಕನಸು ದಟ್ಟವಾಗಿರುವ ರೆಮ್ ನಿದ್ದೆ ಯಾವಾಗ ಬರಬೇಕು, ನಿದ್ದೆ ಎಷ್ಟು ಹೊತ್ತು ಮುರಿಯದೆ ಇರಬೇಕು ಎಂಬುದರಲ್ಲಿ ಗಡಿಯಾರದ ಮಾತು ಜೋರಾಗಿತ್ತು. ಗಡಿಯಾರಕ್ಕೆ ನಿಧಾನ ಅಲೆಗಳ ಮೇಲೆ ಹಿಡಿತವೇ ಇಲ್ಲವೆಂದಲ್ಲ. ಅಲೆಗಳ ಸಂಖ್ಯೆ, ಇಳಿಜಾರುಗಳಲ್ಲಿ ಅದರ ಗುರುತೂ ಇದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೆ ಅದು ಸಣ್ಣ ಪಾಲು.

ಈಗ ನನ್ನ ತಂಗಿಯ ಒಂದೂವರೆ ಗಂಟೆಗೆ ಬನ್ನಿ. ಬೆಳಿಗ್ಗೆ ಮಲಗಿದಾಗ ಒತ್ತಡ ತುಂಬಿ ತುಳುಕುತ್ತಿರುತ್ತದೆ. ನಿಧಾನ ಅಲೆಗಳು ಅಬ್ಬರಿಸಿ ಬರುತ್ತವೆ, ಅದಕ್ಕೇ ಆ ಗೊರಕೆ. ಕೆಲವೇ ಗಂಟೆಗಳಲ್ಲಿ ಆ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ರಾತ್ರಿಯಾಗಿದ್ದರೆ ಅಲ್ಲಿಂದ ಮುಂದೆ ನಿದ್ದೆಯನ್ನು ಹಿಡಿದಿಡುತ್ತಿದ್ದದ್ದು ಗಡಿಯಾರ. ಹಗಲಲ್ಲಿ ಅದೇ ಗಡಿಯಾರ ಮೈಯ ಶಾಖ ಏರಿಸುತ್ತ ‘ಏಳು’ ಎನ್ನುತ್ತಿರುತ್ತದೆ. ಸ್ವೀಡನ್ನಿನ ಆಕೆರ್‌ಸ್ಟೆಟ್ ಮತ್ತು ಗಿಲ್‌ಬರ್ಗ್ 1981ರಲ್ಲೇ ಇದನ್ನು ತೋರಿಸಿದ್ದರು: ಮಲಗುವ ಹೊತ್ತನ್ನು ರಾತ್ರಿ 11ರಿಂದ ಬೆಳಿಗ್ಗೆ 11ರವರೆಗೆ ಮುಂದೂಡಿದಷ್ಟೂ ನಿದ್ದೆ ಮೊಟಕಾಯಿತು, ಎಚ್ಚರವಿದ್ದ ಹೊತ್ತು ಹೆಚ್ಚಿದ್ದರೂ.

ಹಾಗಾಗಿ ಹಗಲು ಮಲಗಿದರೆ ನಿದ್ದೆಯ ಆಳ ಸಿಗುತ್ತದೆ, ಉದ್ದ ಸಿಗುವುದಿಲ್ಲ. ಉಳಿದದ್ದನ್ನು ಛಲದಿಂದ ತುಂಬಿಕೊಳ್ಳಲಾಗದು. ಭಾಷಾಶಾಸ್ತ್ರ ಓದಿದ ನಾನು ಇದನ್ನು ತಂಗಿಯ ವಾಕ್ಯದಲ್ಲೇ ಕೇಳಿಸಿಕೊಳ್ಳಬೇಕಿತ್ತು. ನಾನು ‘ನಿದ್ದೆ ಮಾಡು’ ಎನ್ನುತ್ತಿದ್ದೆ, ಅವಳೇ ಕರ್ತೃ ಎನ್ನುವ ಹಾಗೆ. ಅವಳು ‘ನಿದ್ದೆ ಬರ್ತಿಲ್ಲ’ ಎನ್ನುತ್ತಿದ್ದಳು. ನನಗೆ ಹಸಿವಾಯಿತು, ನನಗೆ ಚಳಿಯಾಯಿತು ಎನ್ನುವ ಹಾಗೆ ನನಗೆ ನಿದ್ದೆ ಬಂತು ಎನ್ನುತ್ತೇವೆ. ಅಲ್ಲಿ ಮಲಗುವವರ ಕೈಯಲ್ಲಿ ಏನೂ ಇಲ್ಲ.

ನನ್ನ ತಕರಾರು ಇರುವುದು ಹೊಣೆಯನ್ನು ಪೂರ್ತಿ ಮಲಗುವವರ ಮೇಲೆ ಹಾಕುವ ನಮ್ಮ ರೂಢಿಯ ಬಗ್ಗೆ. ಆಸ್ಪತ್ರೆಗೆ ರಾತ್ರಿ ಬೀಗ ಹಾಕಲಾಗದು. ಯಾರಾದರೂ ಎಚ್ಚರವಿರಲೇಬೇಕು, ಒಪ್ಪುತ್ತೇನೆ. ಆದರೆ ರಾತ್ರಿ ದುಡಿದವರನ್ನು ಅದೇ ಮಧ್ಯಾಹ್ನ ಎರಡಕ್ಕೆ ಟ್ರೈನಿಂಗಿಗೆ ಕರೆಯುವುದು ಅನಿವಾರ್ಯವಲ್ಲ. ನೈಟ್ ಮುಗಿಸಿ ಒಂದು ದಿನ ಬಿಟ್ಟು ಮಾರ್ನಿಂಗ್ ಡ್ಯೂಟಿ ಹಾಕಿ, ನಡುವಿನ ದಿನವನ್ನು ‘ಆಫ್’ ಎಂದು ಬರೆಯುವುದೂ ಅನಿವಾರ್ಯವಲ್ಲ. ಆ ದಿನ ರಜೆಯಲ್ಲ, ರಾತ್ರಿ ಕೆಲಸದ್ದೇ ಬಾಕಿ. ಅದನ್ನು ಡ್ಯೂಟಿಯ ಲೆಕ್ಕಕ್ಕೇ ಸೇರಿಸಬೇಕು. ಇಲ್ಲಿ, ಪುಣೆಯಲ್ಲಿ, ಚೆನ್ನೈನಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಕಂಪನಿಗಳಿಗೂ ಈ ಮಾತು ಸಲ್ಲುತ್ತದೆ.

ಮನೆಯವರ ಪಾಲೂ ಇದೆ. ಮೊದಲ ಗಂಟೆಗಳಲ್ಲಿ ಕುಕ್ಕರ್ ಕೂಗಿದರೂ ನನ್ನ ತಂಗಿ ಏಳುವುದಿಲ್ಲ. ಅದನ್ನು ನೋಡಿ ‘ಇವಳಿಗೆ ಸದ್ದೇನೂ ತಾಗಲ್ಲ’ ಎಂದುಕೊಂಡಿದ್ದೆ. ಹನ್ನೆರಡರ ನಂತರ ನಿದ್ದೆ ತೆಳುವಾದಾಗ ಕೊರಿಯರ್‌ನವನ ಒಂದು ಬೆಲ್ ಸಾಕು. ಈಗ ಅವಳ ಕೋಣೆಗೆ ದಪ್ಪ ಪರದೆ ಹಾಕಿದ್ದೇವೆ, ಹನ್ನೆರಡಕ್ಕೆ ಬೆಲ್‌ನ ಸ್ವಿಚ್ ಆಫ್ ಮಾಡುತ್ತೇನೆ. ಕೆಲವು ದಿನ ಎರಡೂವರೆವರೆಗೆ ಮಲಗುತ್ತಾಳೆ, ಕೆಲವು ದಿನ ಇಲ್ಲ. ಇಲ್ಲದ ದಿನ ನಾನು ಏನೂ ಹೇಳದೆ ಅನ್ನ ಬಡಿಸುತ್ತೇನೆ. ಅಮ್ಮನಿಗೂ ಡ್ಯೂಟಿ ಪಟ್ಟಿ ವಾಟ್ಸಾಪಿನಲ್ಲಿ ಹೋಗುತ್ತದೆ; ಅದನ್ನು ನೋಡಿಯೇ ಈಗ ಫೋನ್ ಮಾಡುತ್ತಾಳೆ, ಸಂಜೆ ಐದರ ಮೇಲೆ.