ಸೆಪ್ಟೆಂಬರ್ 17: ಅರ್ಧ ಕತೆ ಹೇಳಿದರೆ ಸಾಕಾ?

ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರಗಿ, ಯಾದಗಿರಿಯಲ್ಲಿ ಧ್ವಜ ಏರುತ್ತೆ, ಸರ್ದಾರ್ ಪಟೇಲರಿಗೆ ಹಾರ ಬೀಳುತ್ತೆ, ರಜಾಕಾರರ ಕ್ರೌರ್ಯ ನೆನೆದು ಭಾಷಣ ಮುಗಿಯುತ್ತೆ. ಕೊಂಕಲ್, ಶಹಾಪುರ, ಸುರಪುರ ಸೀಮೆಯ ಮಟ್ಟಿಗೆ ಇದು ಅರ್ಧ ಕತೆ ಮಾತ್ರ.

ಮೊದಲರ್ಧ ಸುಳ್ಳಲ್ಲ. 1947ರಲ್ಲಿ ದೇಶ ಸ್ವತಂತ್ರವಾದರೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಕ್ಕೂಟ ಸೇರಲಿಲ್ಲ. ನವೆಂಬರ್‌ನಲ್ಲಿ ಆದದ್ದು ಬರೀ ಯಥಾಸ್ಥಿತಿ ಒಪ್ಪಂದ. ಆ ಹೊತ್ತಿಗೆ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗುತ್ತಿದ್ದರು. 1948ರ ಮೇನಲ್ಲಿ ಬೀದರ್ ಸೀಮೆಯ ಗೋರಟಾದಲ್ಲಿ ಹತ್ಯಾಕಾಂಡವೇ ನಡೆಯಿತು.

ಹಂಗಂತ ಇದನ್ನು ಹಿಂದೂ-ಮುಸ್ಲಿಂ ಜಗಳ ಅಂದುಬಿಟ್ಟರೆ ಮೂಲ ಕಾರಣ ಮರೆಯಾಗುತ್ತೆ. ಸಂಸ್ಥಾನದ ಭೂಮಿಯ ದೊಡ್ಡ ಪಾಲು ನಿಜಾಮರ ಸ್ವಂತ ಆಸ್ತಿ ಮತ್ತು ಜಾಗೀರುಗಳಲ್ಲಿತ್ತು. ಜಾಗೀರುದಾರರು, ದೇಶಮುಖರಲ್ಲಿ ಎರಡೂ ಧರ್ಮದವರಿದ್ದರು. ಉತ್ತವನಿಗೆ ಹೊಲವೂ ಇರಲಿಲ್ಲ, ಆಳ್ವಿಕೆಯಲ್ಲಿ ದನಿಯೂ ಇರಲಿಲ್ಲ. ಜಾಗೀರು ಪದ್ಧತಿ ರದ್ದಾಗಲು 1949ರ ಆಗಸ್ಟ್ ಬರಬೇಕಾಯಿತು.

ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ನುಗ್ಗಿತು, ಐದೇ ದಿನದಲ್ಲಿ ಕೆಲಸ ಮುಗಿಯಿತು. ನಡೆದದ್ದು ಯುದ್ಧ, ಇಟ್ಟ ಹೆಸರು 'ಪೊಲೀಸ್ ಕಾರ್ಯಾಚರಣೆ'. ಭಾಷಣಗಳು ನಿಲ್ಲುವುದು ಇಲ್ಲೇ.

ಮುಂದಿನದ್ದನ್ನು ನೋಡಿಬರಲು ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿತು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು 27,000ದಿಂದ 40,000 ಎಂದು ಅದು ಅಂದಾಜಿಸಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ, ಬೀದರ್ ಮತ್ತು ಗುಲ್ಬರ್ಗಾ. ಇವತ್ತಿನ ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. ಆದರೆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ರಜಾಕಾರರು ಮಾಡಿದ ಪಾಪಕ್ಕೆ ಅದರಲ್ಲಿ ಕೈ ಇಲ್ಲದ ರೈತ, ಕೂಲಿಕಾರರೂ ಬೆಲೆ ತೆತ್ತರು.

ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಜೀವ ಪಣಕ್ಕಿಟ್ಟು ಕಾಪಾಡಿದ್ದರು. ಒಂದೇ ಕಸುಬು ಮಾಡುವ ಕೈಗಳ ನಂಟು ದ್ವೇಷಕ್ಕಿಂತ ಗಟ್ಟಿಯಾಗಿತ್ತು. ಇದು ಯಾವ ವೇದಿಕೆಯ ಮೇಲೂ ಯಾಕೆ ಕೇಳಿಸಲ್ಲ?

ನಿಜಾಮಶಾಹಿ ಬಿಟ್ಟುಹೋದ ಬಡತನ 1956ರ ಏಕೀಕರಣದಿಂದಲೂ ಕರಗಲಿಲ್ಲ. 2002ರ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. 371(ಜೆ) ಸಿಕ್ಕಿತು, 2019ರಲ್ಲಿ ಪ್ರದೇಶದ ಹೆಸರೂ ಬದಲಾಯಿತು. ಹೆಸರು ಬದಲಿಸುವುದು ಸುಲಭ, ನೆನಪು ಹಂಗಲ್ಲ.

ಗೋರಟಾದಲ್ಲಿ ಸತ್ತವರಿಗೂ, ಸೆಪ್ಟೆಂಬರ್ ನಂತರ ಸತ್ತವರಿಗೂ ಒಂದೇ ನಿಮಿಷದ ಮೌನ ಆಚರಿಸುವ ದಿನ ಬರಲಿ. ವಿಮೋಚನೆ ಅನ್ನೋ ಮಾತಿಗೆ ಆಗಲೇ ತೂಕ ಬರುತ್ತೆ.