ಮೊದಲು ಎರಡು ಹಳ್ಳಿ

ಮಹಾರಾಷ್ಟ್ರದ ಔರಂಗಾಬಾದ್ 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಇಂಗ್ಲಿಷಿನಲ್ಲಿ ಬರೆದರೆ ಹಳೆಯ ಹೆಸರಿಗೆ 10 ಅಕ್ಷರ. ಹೊಸದಕ್ಕೆ ನಡುವಿನ ಖಾಲಿ ಜಾಗವೂ ಸೇರಿ 25. ಯಾವುದಾದರೂ ತಂತ್ರಾಂಶದಲ್ಲಿ ಊರಿನ ಹೆಸರಿಗೆ 20 ಅಕ್ಷರಗಳ ಜಾಗವಷ್ಟೇ ಇದ್ದರೆ ಅಲ್ಲಿ ‘ಛತ್ರಪತಿ ಸಂಭಾಜಿ’ ಎಂದಷ್ಟೇ ಮೂಡುತ್ತದೆ. ಊರು ಹೋಗಿ ಅರಸ ಉಳಿಯುತ್ತಾನೆ. ಇಂಥ ತಪ್ಪು ಕಚೇರಿಯಲ್ಲೇ ಕೂತು ಪರೀಕ್ಷಿಸಿದರೂ ಸಿಕ್ಕೀತು. ಆದರೆ ಹಳೆಯ ಹೆಸರಿನ ಪಾಸ್‌ಬುಕ್ ಹಿಡಿದು ಬಂದವರ ಅರ್ಜಿ ಹೊಸ ಹೆಸರಿನ ಪಟ್ಟಿಗೆ ತಾಳೆಯಾಗುತ್ತದೆಯೇ ಎಂಬುದು ತಿಳಿಯುವುದು ಕೌಂಟರಿನಲ್ಲೇ. ಅದಕ್ಕೇ, ಕಚೇರಿಯೊಳಗಿನ ಪರೀಕ್ಷೆ ಮುಗಿದ ಮೇಲೂ ತಂತ್ರಾಂಶದ ಬದಲಾವಣೆಯನ್ನು ಮೊದಲು ಕೆಲವರಿಗಷ್ಟೇ ಕೊಟ್ಟು ನೋಡಬೇಕು.

ಮಹಾರಾಷ್ಟ್ರದ ಎರಡು ಸಾಲಮನ್ನಾಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ ರಾಜ್ಯದ ಎಲ್ಲೆಡೆಯ ರೈತರಿಂದ ಆನ್‌ಲೈನ್ ಅರ್ಜಿ ಪಡೆದು, ದೀಪಾವಳಿಗೆ ಪ್ರಮಾಣಪತ್ರ ಹಂಚುವುದೂ ಶುರುವಾಯಿತು. ಆಮೇಲೆ ನೋಡಿದರೆ ಬ್ಯಾಂಕುಗಳ ಮಾಹಿತಿಯಲ್ಲಿ ಒಂದೇ ಆಧಾರ್ ಸಂಖ್ಯೆ ಹಲವು ರೈತರ ಹೆಸರಿನ ಮುಂದಿತ್ತು. ಎರಡನೆಯದಾದ ಮಹಾತ್ಮ ಜೋತಿರಾವ್ ಫುಲೆ ಸಾಲಮುಕ್ತಿ ಯೋಜನೆಯ ದಾರಿ ಬೇರೆ. 2020ರ ಫೆಬ್ರವರಿ 24ರಂದು ಹೊರಬಿದ್ದ ಮೊದಲ ಪಟ್ಟಿ ಬರೀ 68 ಹಳ್ಳಿಗಳದು, 15,358 ರೈತರದು. ನಾಸಿಕ್‌ಗೆ ಎರಡು, ಔರಂಗಾಬಾದಿಗೆ ಎರಡು, ಹೀಗೆ ಜಿಲ್ಲೆಗೆರಡು ಹಳ್ಳಿ. ರೈತನು ಸೇವಾ ಕೇಂದ್ರಕ್ಕೆ ಬಂದು ಬೆರಳೊತ್ತಿ, ಪರದೆಯ ಮೇಲಿನ ಸಾಲದ ಮೊತ್ತ ನೋಡಿ ಒಪ್ಪಬೇಕಿತ್ತು. ಒಪ್ಪಿಗೆಯಾಗದಿದ್ದರೆ ದೂರು ಜಿಲ್ಲಾಧಿಕಾರಿಯ ಸಮಿತಿಗೆ ಹೋಗುತ್ತಿತ್ತು. ತನ್ನ ಸಾಲವೆಷ್ಟೆಂದು ಆ ರೈತನಿಗಿಂತ ಚೆನ್ನಾಗಿ ಬಲ್ಲ ಪರೀಕ್ಷಕ ಯಾವ ಕಂಪನಿಯಲ್ಲಿದ್ದಾನೆ?

ಹೀಗೆ ಕೆಲವರಿಂದಷ್ಟೇ ಶುರುಮಾಡಿದರೆ ಕೆಲಸ ತಡವಾಗುತ್ತದೆ ಎನ್ನುವವರಿದ್ದಾರೆ. ಆದರೆ ಆ ಮೊದಲ ಪಟ್ಟಿಯಾದ ಕೆಲವೇ ದಿನಗಳಲ್ಲಿ ದೊಡ್ಡ ಪಟ್ಟಿಯೂ ಬಂತು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಮೊದಲ ಹಳ್ಳಿಗಳ ಜನ ಉಳಿದವರಿಗಾಗಿ ಯಾಕೆ ತೊಂದರೆಪಡಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಅಲ್ಲಿ ಹಳೆಯ ವ್ಯವಸ್ಥೆಯನ್ನೂ ತೆರೆದಿಡಬೇಕು, ತಪ್ಪು ಕಂಡ ಕೂಡಲೇ ತಿದ್ದುವ ಅಧಿಕಾರವಿರುವವರು ಎದುರಿಗಿರಬೇಕು. ಇಷ್ಟೂ ಇಲ್ಲದಿದ್ದರೆ ಅದು ಪರೀಕ್ಷೆಯಲ್ಲ, ಹೊಣೆಗೇಡಿತನ.

ಎಲ್ಲರಿಗೂ ಒಮ್ಮೆಲೇ ಕೊಟ್ಟರೆ ಏನಾಗುತ್ತದೆಂಬುದನ್ನು 2024ರ ಜುಲೈ 19 ತೋರಿಸಿತು. ಕಂಪ್ಯೂಟರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿಯ ಅಪ್‌ಡೇಟ್ ಅದರ ಒಳ ತಪಾಸಣೆಯನ್ನು ದಾಟಿಯೇ ಹೊರಟಿತ್ತು. ಅದರಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೈಕೊಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ 78 ನಿಮಿಷದಲ್ಲೇ ಆ ಅಪ್‌ಡೇಟನ್ನು ಹಿಂತೆಗೆದುಕೊಂಡಿತು. ಆದರೆ ಕೆಟ್ಟು ನಿಂತ ಯಂತ್ರಗಳಲ್ಲಿ ಬಹುತೇಕ ಒಂದೊಂದರ ಮುಂದೂ ಒಬ್ಬರು ಕೂತು ಸರಿಪಡಿಸಬೇಕಾಯಿತು.