ಪಾವ್ ಎಂದರೆ ಕಾಲಲ್ಲ



ನಿಲಂಗಾ, ಉಮರ್ಗಾ, ಉದಗೀರ್ ಕಡೆ ಮನೆಯಲ್ಲಿ ಜೋಳದ ರೊಟ್ಟಿ, ಪೇಟೆಯಲ್ಲಿ ವಡಾ ಪಾವ್. ನಿಲಂಗಾ, ಉದಗೀರ್ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಈ ಸೀಮೆಯಲ್ಲಿ ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯ ಅರ್ಥ ಹಚ್ಚುವುದು ಸುಲಭ. ಪಾವ್‌ಗೂ ಹಾಗೆಯೇ ಆಗಿದೆ.

ಹಿಂದಿ, ಉರ್ದುವಿನಲ್ಲಿ ‘ಪಾಂವ್’ ಎಂದರೆ ಕಾಲು. ಹಿಟ್ಟನ್ನು ಕಾಲಿನಿಂದ ತುಳಿದು ನಾದುವುದರಿಂದ ಈ ಹೆಸರು ಬಂತು ಎನ್ನುವವರಿದ್ದಾರೆ. ‘ಪಾವು’ ಎಂದರೆ ಸೇರಿನ ಕಾಲುಭಾಗ; ನಾಲ್ಕು ತುಂಡು ಅಂಟಿಕೊಂಡಿರುವುದರಿಂದ ಪಾವ್ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ಪಾವ್ ಪೋರ್ಚುಗೀಸರ ಪದ. 1510ರಲ್ಲಿ ಗೋವೆಯನ್ನು ಗೆದ್ದುಕೊಂಡ ಅವರ ಭಾಷೆಯಲ್ಲಿ ಅದಕ್ಕೆ ರೊಟ್ಟಿ ಎಂದೇ ಅರ್ಥ. ಮೂಲ, ಲ್ಯಾಟಿನ್ನಿನ ‘ಪಾನಿಸ್’. ರೊಟ್ಟಿ ಸುಡುವವನಿಗೆ ಗೋವೆಯ ಕೊಂಕಣಿಯಲ್ಲಿ ‘ಪದೇರ್’ ಎನ್ನುತ್ತಾರೆ. ಅದೂ ಅದೇ ಬಳ್ಳಿಯ ಕಾಯಿ. ಅಲ್ಲಿ ಹಿಟ್ಟು ಹುಳಿ ಬರಲು ತೆಂಗಿನ ಶೇಂದಿ ಹಾಕುತ್ತಿದ್ದರು. ಗೋವೆಯವರು ದುಡಿಮೆಗಾಗಿ ಮುಂಬಯಿಗೆ ಹೋದಾಗ ಪಾವ್ ಕೂಡ ಜೊತೆಗೆ ಹೋಯಿತು. ಅಂಗಡಿಯ ಹೆಸರು ಮಾತ್ರ ಇಂಗ್ಲಿಷಿನಿಂದ ಬಂದ ‘ಬೇಕರಿ’. ಅದಕ್ಕೂ ನಮ್ಮ ‘ಬೇಯಿಸು’ ಪದಕ್ಕೂ ಸದ್ದು ಹತ್ತಿರ, ಹುಟ್ಟು ಬೇರೆ.

ಪದದಿಂದ ಮನಸ್ಸು ನೋಯುವುದೂ ಉಂಟು. ಮುಂಬಯಿಯಲ್ಲಿ ಗೋವೆ, ಮಂಗಳೂರು ಕಡೆಯ ಕಥೋಲಿಕರನ್ನು ‘ಮಾಕಾಪಾವ್’ ಎಂದು ಹಂಗಿಸುತ್ತಿದ್ದರು. ಕೊಂಕಣಿಯಲ್ಲಿ ‘ಮ್ಹಾಕಾ’ ಎಂದರೆ ‘ನನಗೆ’. ನನಗೆ ಪಾವ್ ಕೊಡಿ ಎಂದು ಕೇಳುವವರು ಎಂಬ ಅಣಕ ಅದು.

ಆದರೆ ಕರ್ತರು ಕಲಿಸಿದ ಪ್ರಾರ್ಥನೆಯಲ್ಲಿ ನಾವು ದಿನವೂ ಕೇಳುವುದೇನು? ಕನ್ನಡದಲ್ಲಿ ‘ಆಹಾರ’ ಎನ್ನುತ್ತೇವೆ. ಲ್ಯಾಟಿನ್ ಪ್ರಾರ್ಥನೆಯಲ್ಲಿರುವುದು ಅದೇ ಪಾನಿಸ್, ಪೋರ್ಚುಗೀಸಿನಲ್ಲಿ ಅದೇ ಪಾವ್. ಯೇಸು ಹುಟ್ಟಿದ ಬೆತ್ಲೆಹೇಮ್ ಊರಿನ ಹೆಸರಿಗೂ ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದರ್ಥ. ಹಸಿದವನು ರೊಟ್ಟಿ ಕೇಳುವುದು ನಾಚಿಕೆಯ ಮಾತಾಗಿದ್ದರೆ ಪ್ರಭು ಅದನ್ನು ಪ್ರಾರ್ಥನೆಯಲ್ಲಿ ಸೇರಿಸುತ್ತಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿರಿ: ಪ್ರಾರ್ಥನೆಯಲ್ಲಿ ‘ನನಗೆ’ ಎಂದಿಲ್ಲ, ‘ನಮಗೆ’ ಎಂದಿದೆ.

ತಂದೆತಾಯಂದಿರೇ, ನಿಮ್ಮ ಮಕ್ಕಳು ಶಾಲೆಯಿಂದ ಇಂಥ ಅಡ್ಡಹೆಸರು ಹೊತ್ತು ಬಂದರೆ, ಅಥವಾ ತಾವೇ ಇನ್ನೊಬ್ಬರ ಬುತ್ತಿ ನೋಡಿ ನಕ್ಕು ಬಂದರೆ, ಗದರಿಸುವ ಮೊದಲು ಹತ್ತಿರ ಕೂರಿಸಿಕೊಂಡು ಪದದ ಅರ್ಥ ಹೇಳಿರಿ. ಆಮೇಲೆ ಊಟಕ್ಕೆ ಮುಂಚೆ ಆ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳಿರಿ.